ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಸರ್ಕಾರದಿಂದ ಏನು ಸಿಗುತ್ತದೆ, ಎಲ್ಲಿಂದ ಶುರು ಮಾಡಬೇಕು?

ಮೊದಲೇ ಹೇಳಿಬಿಡುತ್ತೇನೆ. ಸರ್ಕಾರವೇ ಒಬ್ಬರನ್ನು ಮನೆಗೆ ಕಳಿಸಿ, ರೊಟ್ಟಿ ಮಾಡಿಸಿ, ಬಟ್ಟೆ ಒಗೆಸಿ, ಅಜ್ಜನಿಗೆ ಸ್ನಾನ ಮಾಡಿಸುವಂಥ ಯೋಜನೆ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಇಲ್ಲ. ಇದೆ ಅಂತ ಯಾರಾದರೂ ಫಾರಂ ಮಾರಿದರೆ ಕೊಳ್ಳಬೇಡಿ. ಸಿಗುವುದು ಚೂರುಚೂರಾಗಿ: ಒಂದು ಕಡೆ ಪಿಂಚಣಿ, ಇನ್ನೊಂದು ಕಡೆ ಭತ್ಯೆ, ಮತ್ತೊಂದು ಕಡೆ ರೇಷನ್. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ, ಕೂಲಿಗೆ ಗೋವಾಕ್ಕೋ ಮಕ್ಕಳು ಹೋಗಿಬಿಟ್ಟ ಮನೆಗಳಲ್ಲಿ ಇವನ್ನೆಲ್ಲ ಒಟ್ಟು ಮಾಡಿದರೆ, ಓಣಿಯ ಯಾರಿಗಾದರೂ ತಿಂಗಳಿಗೆ ಇಷ್ಟು ಅಂತ ಕೊಟ್ಟು ಒಂದೆರಡು ಕೆಲಸ ಮಾಡಿಸಿಕೊಳ್ಳುವಷ್ಟಾದರೂ ಆಗುತ್ತದೆ.

ಶುರು ಮಾಡಬೇಕಾದ್ದು ಗ್ರಾಮ ಪಂಚಾಯ್ತಿಯಿಂದ. ಅಲ್ಲಿ ಹೋಗಿ ‘ವಿ.ಆರ್.ಡಬ್ಲ್ಯೂ ಯಾರು?’ ಅಂತ ಕೇಳಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇವರು. ತಾಲ್ಲೂಕು ಮಟ್ಟದಲ್ಲಿ ಎಂ.ಆರ್.ಡಬ್ಲ್ಯೂ, ಪಟ್ಟಣದಲ್ಲಿ ಯು.ಆರ್.ಡಬ್ಲ್ಯೂ ಇರುತ್ತಾರೆ. ಹೆಚ್ಚಿನವರು ತಾವೂ ಅಂಗವಿಕಲರೇ, ಅದೂ ಗೌರವಧನದ ಮೇಲೆ ದುಡಿಯುವವರು. ಹಾಗಾಗಿ ದಬಾಯಿಸಬೇಡಿ, ಫೋನ್ ನಂಬರ್ ತೆಗೆದುಕೊಂಡು ಬನ್ನಿ.

ಎರಡನೆಯದು ಯು.ಡಿ.ಐ.ಡಿ. ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ. ತ್ರಾಸು ಜಾಸ್ತಿ ಇರುವುದು ಇಲ್ಲೇ. ಅರ್ಜಿ ಆನ್‌ಲೈನ್, ಆದರೆ ವೈದ್ಯರು ರೋಗಿಯನ್ನು ಕಣ್ಣಾರೆ ನೋಡಿಯೇ ಅಂಗವಿಕಲತೆ ಶೇಕಡಾ ಎಷ್ಟು ಅಂತ ಬರೆಯುತ್ತಾರೆ. ಕನಿಷ್ಠ ಶೇ 40 ಇದ್ದರೆ ಮಾತ್ರ ಮುಂದಿನ ದಾರಿ. ಎದ್ದು ಕೂರಲಾರದವರನ್ನು ಟಂಟಂನಲ್ಲಿ ಮಲಗಿಸಿಕೊಂಡು ಸುಮ್ನೆ ಜಿಲ್ಲಾಸ್ಪತ್ರೆಗೆ ಹೊರಡಬೇಡಿ, ಡಾಕ್ಟರು ಯಾವ ದಿನ ಕೂರುತ್ತಾರೆ, ತಾಲ್ಲೂಕಿನಲ್ಲೇ ಶಿಬಿರ ಇದೆಯಾ ಅಂತ ವಿ.ಆರ್.ಡಬ್ಲ್ಯೂ ಹತ್ತಿರ ಮೊದಲೇ ಕೇಳಿಕೊಳ್ಳಿ. ಇನ್ನೊಂದು, ಆಧಾರ್. ಜೀವನವಿಡೀ ರೊಟ್ಟಿ ಬಡಿದ, ಕಳೆ ಕಿತ್ತ ಕೈಯಲ್ಲಿ ಬೆರಳಚ್ಚು ಸವೆದಿರುತ್ತದೆ. ಯಂತ್ರದ ಮೇಲೆ ಒರೆಸಿ ಒರೆಸಿ ಒತ್ತಿದರೂ ಕೆಂಪು ದೀಪವೇ. ಅದಕ್ಕೇ ಆಧಾರ್‌ಗೆ ಮನೆಯವರ ಮೊಬೈಲ್ ನಂಬರ್ ಜೋಡಿಸಿಡಿ, ಬಹಳಷ್ಟು ಕಡೆ ಓ.ಟಿ.ಪಿ.ಯಿಂದ ಕೆಲಸ ಆಗುತ್ತದೆ.

ಮೂರನೆಯದು ಪಿಂಚಣಿ. ಅರ್ಜಿ ನಾಡಕಚೇರಿಯಲ್ಲಿ. ಅಂಗವಿಕಲತೆ ಶೇ 40ರಿಂದ 75ರವರೆಗೆ ಇದ್ದರೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ 1,400. ಅಂಗವಿಕಲತೆ ಇಲ್ಲದೆ ಬರೀ ವಯಸ್ಸಾದವರಾದರೆ 65 ದಾಟಿದ ಮೇಲೆ ಸಂಧ್ಯಾ ಸುರಕ್ಷಾದಲ್ಲಿ 1,200. ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಬೇಕು. ಮಂಜೂರಾದ ಮೇಲೂ ಹಣ ಬರದಿದ್ದರೆ ಹೆಚ್ಚಿನ ಸಲ ತಪ್ಪು ಬ್ಯಾಂಕ್ ಖಾತೆ-ಆಧಾರ್ ಜೋಡಣೆಯದ್ದು. ಮೊದಲು ಬ್ಯಾಂಕಿಗೆ ಹೋಗಿ, ಆಮೇಲೆ ತಹಶೀಲ್ದಾರ್ ಕಚೇರಿಗೆ.

ಇನ್ನು ಆರೈಕೆದಾರರ ಭತ್ಯೆ. ಹಲವರಿಗೆ ಇದು ಗೊತ್ತೇ ಇಲ್ಲ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್, ಈ ನಾಲ್ಕು ಕಾಯಿಲೆ ಇದ್ದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ರಾಜ್ಯ ಸರ್ಕಾರ 2024ರ ಬಜೆಟ್‌ನಲ್ಲಿ ಹೇಳಿತು. ಮಗುವಿಗಾಗಿ ಕೂಲಿ ಬಿಟ್ಟು ಕೂತ ತಾಯಿಗೆ ಸಾವಿರ ರೂಪಾಯಿ ಯಾವ ಮೂಲೆಗೆ ಸಾಲುತ್ತದೆ, ಹೇಳಿ? ಪಾರ್ಶ್ವವಾಯು ಹೊಡೆದವರನ್ನು ಈ ಪಟ್ಟಿಯಲ್ಲಿ ಸೇರಿಸದೇ ಇದ್ದದ್ದಂತೂ ನನಗೆ ಸರಿ ಕಾಣಲಿಲ್ಲ, ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರಲ್ಲಿ ಅವರೇ ಎಷ್ಟೊಂದು ಜನ ಇದ್ದಾರೆ, ಅಲ್ವಾ? ವಿಚಾರಿಸಬೇಕಾದ್ದು ತಾಲ್ಲೂಕಿನ ಎಂ.ಆರ್.ಡಬ್ಲ್ಯೂ ಅಥವಾ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ.

ಪಂಚಾಯ್ತಿಯ ಹಣದಲ್ಲಿ ಶೇ 5ರಷ್ಟು ಅಂಗವಿಕಲರಿಗೆ ಮೀಸಲು. ಕಮೋಡ್ ಕುರ್ಚಿ, ಗಾಲಿಕುರ್ಚಿ, ವಾಟರ್ ಬೆಡ್, ಹೀಗೆ ಏನು ಬೇಕು ಅಂತ ಸ್ಪಷ್ಟವಾಗಿ ಬರೆದು ಪಿ.ಡಿ.ಒ.ಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ‘ಸಹಾಯ ಮಾಡಿ’ ಅಂತ ಬರೆದರೆ ಅದು ಫೈಲಿನಲ್ಲೇ ಮಲಗುತ್ತದೆ.

75 ದಾಟಿದ ಹಿರಿಯರು ಮಾತ್ರ ಇರುವ ಮನೆಗೆ ಅನ್ನ ಸುವಿಧಾ ಯೋಜನೆಯಲ್ಲಿ ರೇಷನ್ ಬಾಗಿಲಿಗೇ ಬರಬೇಕು. ನ್ಯಾಯಬೆಲೆ ಅಂಗಡಿಯವರಿಗೆ ಹೆಸರು ಬರೆಸಿ. ಬಿ.ಪಿ., ಶುಗರ್, ಬೆನ್ನಿನ ಹುಣ್ಣಿನ ವಿಚಾರಕ್ಕೆ ಆಶಾ ಕಾರ್ಯಕರ್ತೆಗೆ ಹೇಳಿ.

ಮಕ್ಕಳು ಇದ್ದೂ ನೋಡಿಕೊಳ್ಳುತ್ತಿಲ್ಲವೇ? 2007ರ ಹಿರಿಯ ನಾಗರಿಕರ ಕಾಯ್ದೆಯಡಿ ವಿಜಯಪುರ ಅಥವಾ ಇಂಡಿ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು ಅವಕಾಶವಿದೆ, ವಕೀಲರನ್ನು ಹಿಡಿಯಲೇಬೇಕು ಅಂತಿಲ್ಲ. ಯಾವ ಕಚೇರಿಗೆ ಹೋಗಬೇಕೋ ತಿಳಿಯದಿದ್ದರೆ 14567ಕ್ಕೆ ಫೋನ್ ಮಾಡಿ. ಹಿರಿಯರ ಸಹಾಯವಾಣಿ ಇದು, ಕರೆ ಉಚಿತ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ.