ಯಾರದೋ ಬೆಕ್ಕಿನ ಜತೆ ಸ್ನೇಹ

ಬೆಕ್ಕಿನ ಸ್ನೇಹ ಮಾಡಲು ಯಾರನ್ನೂ ಕೇಳಬೇಕಿಲ್ಲ. ಅದಕ್ಕೆ ಊಟ ಹಾಕುವ ಮುಂಚೆ ಮಾತ್ರ ಕೇಳಬೇಕು. ನಮ್ಮ ಹಿತ್ತಲಿಗೆ ಬರಲು ಶುರುಮಾಡಿದ ಬೂದು ಪಟ್ಟೆಯ ಬೆಕ್ಕಿನ ವಿಷಯದಲ್ಲಿ ನಾನು ಹಿಡಿದುಕೊಂಡ ನಿಯಮ ಇದೊಂದೇ. ಮನೆಯವರಿಗೆ ಇದು ಜಿಪುಣತನ ಅನ್ನಿಸಿತು. "ಪಾಪ, ಒಂದು ತುತ್ತು ಹಾಕಿದರೆ ಏನಾಗುತ್ತೆ?" ಎಂದರು. ಎಲುಬು ಕಾಣುವಂತಿದ್ದರೆ ನಾನೂ ಹಾಕುತ್ತಿದ್ದೆ. ಆದರೆ ಇದರ ಮೈ ತುಂಬಿಕೊಂಡಿತ್ತು, ಕೂದಲು ಹೊಳೆಯುತ್ತಿತ್ತು. ಯಾರೋ ಸಾಕಿರಬೇಕು ಎಂಬ ಅನುಮಾನ ನನಗೆ.

ಅನುಮಾನಕ್ಕೆ ಬೇರೆ ಕಾರಣಗಳೂ ಇದ್ದವು. ಹಗಲಲ್ಲೇ ಬರುತ್ತಿತ್ತು. ನನ್ನನ್ನು ಕಂಡರೆ ಬಾಲ ನೆಟ್ಟಗಾಗುತ್ತಿತ್ತು. ಎದುರು ನಿಂತು ಮಿಯಾಂವ್ ಅನ್ನುತ್ತಿತ್ತು. ದೊಡ್ಡ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಅನ್ನುವುದು ಕಡಿಮೆ, ಆ ದನಿ ಹೆಚ್ಚಾಗಿ ಮನುಷ್ಯರಿಗೇ ಮೀಸಲು. ಮರಿಗಳು ಮನುಷ್ಯರಿಗೆ ಸುಲಭವಾಗಿ ಒಗ್ಗಿಕೊಳ್ಳುವುದು ಸುಮಾರು 2ರಿಂದ 7 ವಾರದ ವಯಸ್ಸಿನಲ್ಲಿ. ಆಗ ಯಾರ ಕೈಯೂ ಸೋಕದೆ ಬೆಳೆದ ಬೆಕ್ಕು ಆಮೇಲೆ ಇಷ್ಟು ಸಲಿಗೆ ತೋರಿಸುವುದು ತುಂಬಾ ಅಪರೂಪ. ಕಿವಿಯನ್ನೂ ಗಮನಿಸಿದೆ. ಎಷ್ಟೋ ಕಡೆ ಬೀದಿ ಬೆಕ್ಕುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಬಿಡುವಾಗ, ಗುರುತಿಗೆಂದು ಒಂದು ಕಿವಿಯ ತುದಿ ಕತ್ತರಿಸಿರುತ್ತಾರೆ. ಇದರ ಎರಡು ಕಿವಿಯೂ ಪೂರ್ತಿ ಇದ್ದವು. ಕೊರಳಲ್ಲಿ ಕಾಲರ್ ಇರಲಿಲ್ಲ, ನಿಜ. ಆದರೆ ಕಾಲರ್ ಕಳೆದುಕೊಂಡು ಬರುವ ಬೆಕ್ಕುಗಳೇನು ಕಡಿಮೆಯೇ?

ಸ್ನೇಹಕ್ಕೆ ನಾನು ಮಾಡಿದ್ದು ಇಷ್ಟೇ: ಮೆಟ್ಟಿಲ ಮೇಲೆ ಸುಮ್ನೆ ಕೂತೆ. ಕೂತವರನ್ನು ಕಂಡರೆ ಬೆಕ್ಕಿಗೆ ಭಯ ಕಡಿಮೆ. ಅದರ ಕಡೆ ಪೂರ್ತಿ ತಿರುಗದೆ, ಓರೆಯಾಗಿ ಕೂತು ಓದುತ್ತಿದ್ದೆ. ದಿಟ್ಟಿಸಿ ನೋಡಿದರೆ ಬೆಕ್ಕಿನ ಲೆಕ್ಕದಲ್ಲಿ ಅದು ಬೆದರಿಕೆ. ಕಣ್ಣಿಗೆ ಕಣ್ಣು ಸೇರಿದಾಗ ನಿಧಾನವಾಗಿ ಕಣ್ಣು ಕಿರಿದು ಮಾಡಿ, ಮುಚ್ಚಿ ತೆರೆಯುತ್ತಿದ್ದೆ. ಇದು ಬರೀ ಬೆಕ್ಕುಪ್ರಿಯರ ಕಲ್ಪನೆಯಲ್ಲ. ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರು ಹೀಗೆ ಕಣ್ಣು ಮಿಟುಕಿಸಿ ಕೈ ಚಾಚಿದಾಗ ಬೆಕ್ಕುಗಳು ಹತ್ತಿರ ಬರುವುದು ಜಾಸ್ತಿ ಎಂದು ಕಂಡಿತ್ತು. ನಮ್ಮ ಅತಿಥಿ ತಿರುಗಿ ಕಣ್ಣು ಮಿಟುಕಿಸಿದ ಮೇಲೇ ನಾನು ಒಂದು ಬೆರಳನ್ನು ಅದರ ಮೂಗಿನ ಮಟ್ಟಕ್ಕೆ ಹಿಡಿದೆ. ಮೂಸಿತು. ಆಮೇಲೆ ಕೆನ್ನೆ ಉಜ್ಜಿತು. ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ, ಹಾಗೆ ಉಜ್ಜಿದರೆ ಅದರ ಗುರುತು ನಮಗೆ ಅಂಟಿತು ಅಂತ ಅರ್ಥ.

ಮುಟ್ಟುವುದರಲ್ಲೂ ಅವಸರ ಬೇಡ. ಕೆನ್ನೆ, ಗದ್ದದ ಕೆಳಗೆ, ಅಷ್ಟೇ. ಸ್ವಲ್ಪ ನೇವರಿಸಿ ಕೈ ಹಿಂದಕ್ಕೆ ತೆಗೆಯುತ್ತಿದ್ದೆ. ಇನ್ನೂ ಬೇಕಿದ್ದರೆ ಅದೇ ತಲೆ ಒತ್ತುತ್ತಿತ್ತು. ಬಾಲ ಪಟಪಟ ಬಡಿದರೆ, ಬೆನ್ನಿನ ಚರ್ಮ ನಡುಗಿದರೆ ನಿಲ್ಲಿಸುತ್ತಿದ್ದೆ. ಹೊಟ್ಟೆ ತೋರಿಸಿ ಮಲಗಿದರೂ ಹೊಟ್ಟೆಗೆ ಕೈ ಹಾಕಬೇಡಿ, ಅದು ನಂಬಿಕೆ ತೋರಿಸುವ ರೀತಿ, ಕರೆಯಲ್ಲ. ಲಸಿಕೆ ಆಗಿದೆಯೋ ಇಲ್ಲವೋ ಗೊತ್ತಿಲ್ಲದ ಪ್ರಾಣಿ ಬೇರೆ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ವೈದ್ಯರ ಹತ್ತಿರ ಹೋಗಬೇಕು. ರೇಬೀಸ್ ವಿಷಯದಲ್ಲಿ ನೋಡೋಣ ಅನ್ನುವ ಮಾತೇ ಇಲ್ಲ.

ಕೊರಳು ಮುಟ್ಟಲು ಬಿಟ್ಟ ಮೇಲೆ ಕಾಗದದ ಪಟ್ಟಿ ಕಟ್ಟಿದೆ. ಮಾಮೂಲಿ ಬರೆಯುವ ಕಾಗದ, ತುದಿಗೆ ಚೂರು ಅಂಟುಪಟ್ಟಿ. ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಹರಿಯಬೇಕು, ಅದಕ್ಕೇ ದಾರ, ರಿಬ್ಬನ್ ಬೇಡ. ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟೆ. ಅದರ ಮೇಲೆ "ಈ ಬೆಕ್ಕು ನಿಮ್ಮದಾ? ದಯವಿಟ್ಟು ಫೋನ್ ಮಾಡಿ" ಎಂದು ಬರೆದು ನಂಬರ್ ಹಾಕಿದೆ. ಮೊದಲ ಪಟ್ಟಿ ಎಲ್ಲೋ ಹರಿದುಹೋಯಿತು, ಇನ್ನೊಂದು ಕಟ್ಟಿದೆ. ಇದಕ್ಕೂ ಉತ್ತರ ಬರದಿದ್ದರೆ ಪಶುವೈದ್ಯರ ಹತ್ತಿರ ಮೈಕ್ರೋಚಿಪ್ ನೋಡಿಸುವುದು ಮುಂದಿನ ಯೋಚನೆಯಾಗಿತ್ತು. ಸಾಕಿದವರು ಹಾಕಿಸಿದ್ದರೆ, ಭುಜಗಳ ನಡುವೆ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ. ಸ್ಕ್ಯಾನರ್ ಹಿಡಿದರೆ ಒಂದು ಸಂಖ್ಯೆ ಸಿಗುತ್ತದೆ, ಸಾಮಾನ್ಯವಾಗಿ 15 ಅಂಕಿಯದು. ಬೆಕ್ಕು ಎಲ್ಲಿದೆ ಎಂದು ಅದು ಹೇಳುವುದಿಲ್ಲ. ಆ ಸಂಖ್ಯೆಯ ಜತೆ ಮಾಲೀಕರು ತಮ್ಮ ವಿವರ ನೋಂದಾಯಿಸಿದ್ದರೆ ಮಾತ್ರ ಉಪಯೋಗ.

ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಫೋನ್ ಬಂತು. ಹಿಂದಿನ ಬೀದಿಯ ಒಬ್ಬ ಅಮ್ಮ. ಅವರ ಮೊದಲ ಪ್ರಶ್ನೆಯೇ, "ಏನಾದರೂ ತಿನ್ನಿಸಿದ್ದೀರಾ?" ಬೆಕ್ಕಿಗೆ ವಯಸ್ಸಾಗಿದೆಯಂತೆ, ಮೂತ್ರಪಿಂಡದ ತೊಂದರೆಯಂತೆ. ವೈದ್ಯರು ಹೇಳಿದ ಆಹಾರ ಬಿಟ್ಟು ಬೇರೇನೂ ಕೊಡುವಂತಿಲ್ಲ. ಬಟ್ಟಲಲ್ಲಿ ಬರೀ ನೀರು ಇಟ್ಟಿದ್ದೆ ಅಂದಾಗ ಅವರ ದನಿ ಸಡಿಲವಾಯಿತು. ಹಾಲಂತೂ ಆರೋಗ್ಯವಾಗಿರುವ ಬೆಕ್ಕಿಗೂ ಬೇಡ. ದೊಡ್ಡದಾದ ಮೇಲೆ ಬಹುಪಾಲು ಬೆಕ್ಕುಗಳಿಗೆ ಹಾಲಿನ ಸಕ್ಕರೆ ಸರಿಯಾಗಿ ಅರಗುವುದಿಲ್ಲ, ಭೇದಿಯಾಗುತ್ತದೆ.

ಈಗ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಿದೆ. ಬೆಕ್ಕು ಯಾವಾಗ ಬೇಕಾದರೂ ಬರಬಹುದು, ಆದರೆ ನಾನು ಒಳಗೆ ಕೂಡಿಹಾಕುವುದಿಲ್ಲ. ಕುಂಟಿದರೆ, ಮಂಕಾಗಿದ್ದರೆ ತಕ್ಷಣ ತಿಳಿಸಬೇಕು. ಸಂಜೆ ಅದಕ್ಕೆ ಮಾತ್ರೆ ಕೊಡುವ ಹೊತ್ತು. ಆಗ ನಮ್ಮ ಮೆಟ್ಟಿಲ ಮೇಲೇ ಇದ್ದರೆ ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ. ಮುದ್ದು ಮಾಡುವವರು ಇಲ್ಲದಿದ್ದರೆ ಅದೂ ಮನೆ ದಾರಿ ಹಿಡಿಯುತ್ತದೆ. ಹಿಡಿಯದಿದ್ದರೆ ಅಮ್ಮನಿಗೊಂದು ಮೆಸೇಜ್ ಹಾಕುತ್ತೇನೆ, ಅವರೇ ಬಂದು ಎತ್ತಿಕೊಂಡು ಹೋಗುತ್ತಾರೆ.