ಸ್ಲೈಡ್ ಬಿಟ್ಟು ಸ್ಪ್ಯಾನರ್ ಕೊಟ್ಟೆ: ಗ್ರೈಂಡಿಂಗ್ ವೀಲ್ ತರಬೇತಿಯಲ್ಲಿ ನನ್ನ ಅನುಭವ

ಲೋಹ ಉಜ್ಜುವ ಗ್ರೈಂಡರ್ ಮುಟ್ಟುವ ಪ್ರತಿಯೊಬ್ಬನೂ ತನ್ನ ಕೈಯಾರೆ ಅದರ ವೀಲ್ (ಸಾಣೆ ಚಕ್ರ) ಬಿಚ್ಚಿ, ಪರೀಕ್ಷಿಸಿ, ಹಾಕಲು ಕಲಿಯಬೇಕು ಎಂದು ನಾನು ಹೇಳಿದಾಗ ನಮ್ಮ ವರ್ಕ್‌ಶಾಪಿನಲ್ಲಿ ಯಾರೂ ಒಪ್ಪಲಿಲ್ಲ. ಕೆಲಸ ನಿಲ್ಲುತ್ತದೆ, ಹೊಸಬರು ವೀಲ್ ಒಡೆದು ಹಾಕುತ್ತಾರೆ, ಅದು ಮೆಂಟೆನೆನ್ಸ್‌ನವರ ಕೆಲಸ ಅಲ್ವಾ ಎಂದರು. ಈಗ ಎರಡು ವರ್ಷದ ಮೇಲಾಯಿತು. ಓಡುವಾಗ ಒಂದು ವೀಲೂ ಒಡೆದಿಲ್ಲ. ವೀಲ್ ಖರ್ಚು ಹೆಚ್ಚುಕಡಿಮೆ ಮೂರನೇ ಒಂದು ಭಾಗ ಇಳಿದಿದೆ.

ಮೊದಲು ಅರ್ಧ ದಿನ ಸ್ಲೈಡ್ ತೋರಿಸುವ ಕ್ಲಾಸು, ಕೊನೆಗೆ ಪ್ರಶ್ನೆಪತ್ರಿಕೆ, ಎಲ್ಲರೂ ಪಾಸು. ಟೂಲ್ ರೆಸ್ಟಿಗೂ (ಉಜ್ಜುವ ತುಂಡನ್ನು ಆನಿಸುವ ಪಟ್ಟಿ) ವೀಲಿಗೂ ನಡುವೆ 3 ಮಿ.ಮೀ.ಗಿಂತ ಜಾಸ್ತಿ ಸಂದು ಇರಬಾರದು ಎಂದು ಎಲ್ಲರೂ ಸರಿಯಾಗಿ ಬರೆದಿದ್ದರು. ಹೊರಗೆ ಬಂದು ಬೆಂಚ್ ಗ್ರೈಂಡರ್ ನೋಡಿದರೆ ಆ ಸಂದಿನಲ್ಲಿ ಹೆಬ್ಬೆರಳು ಆರಾಮಾಗಿ ಹೋಗುತ್ತಿತ್ತು. ಮೇಲಿನ ಟಂಗ್ ಗಾರ್ಡ್, ಅಂದರೆ ವೀಲ್ ಹೊದಿಕೆಯ ತುದಿಯಲ್ಲಿ ಸರಿಸಬಹುದಾದ ನಾಲಿಗೆ, ವೀಲಿನಿಂದ 6 ಮಿ.ಮೀ. ಒಳಗಿರಬೇಕು. ಅದರ ಬೋಲ್ಟ್ ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ವೀಲ್ ಸವೆದಂತೆ ಅವನ್ನು ಒಳಗೆ ತಳ್ಳುವುದು ಯಾರ ಕೆಲಸವೂ ಆಗಿರಲಿಲ್ಲ. ಗುಜರಿ ಪ್ಲೇಟಿನಲ್ಲಿ 3 ಮತ್ತು 6 ಮಿ.ಮೀ. ಗೇಜ್ ಕತ್ತರಿಸಿ ಚೈನ್ ಹಾಕಿ ಪ್ರತಿ ಗ್ರೈಂಡರ್‌ಗೆ ನೇತುಹಾಕಿದೆ. ಮೆಷಿನ್ ನಿಲ್ಲಿಸಿ, ಗೇಜ್ ಇಟ್ಟು ನೋಡಿ, ಆಮೇಲೆ ಶುರು. ಖರ್ಚು ಸೊನ್ನೆ.

ಜಾಸ್ತಿ ಹೊತ್ತು ಹಿಡಿದಿದ್ದು ರಿಂಗ್ ಟೆಸ್ಟ್, ಅಂದರೆ ವೀಲ್ ತಟ್ಟಿ ಸದ್ದಿನಿಂದ ಬಿರುಕು ಕಂಡುಹಿಡಿಯುವುದು. ಒಂದೇ ಅಳತೆಯ ಎರಡು ವಿಟ್ರಿಫೈಡ್ (ಗಾಜಿನಂಥ ಅಂಟಿನಿಂದ ಸುಟ್ಟು ಮಾಡಿದ) ವೀಲ್ ಇಟ್ಟೆ, ಒಂದು ಬಿರುಕು ಬಿಟ್ಟದ್ದು. ಮೊದಲ ಬ್ಯಾಚಿನವರೆಲ್ಲ ಸರಿಯಾಗಿ ಹೇಳಿದರು. ನನಗೆ ಅನುಮಾನ ಬಂತು. ಕೇಳಿ ಹೇಳುತ್ತಿರಲಿಲ್ಲ, ಬಿರುಕು ನೋಡಿ ಹೇಳುತ್ತಿದ್ದರು. ಬೆನ್ನು ತಿರುಗಿಸಿ ನಿಲ್ಲಿಸಿದ ಮೇಲೆ ಸುಮಾರು ಅರ್ಧ ಜನ ತಪ್ಪಿದರು. ವೀಲಿನ ಲಂಬ ನಡು ಗೆರೆಯಿಂದ 45 ಡಿಗ್ರಿ ಆಚೆಗೆ, ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಬೇಕು, ತಿರುಗಿಸಿ ಮತ್ತೆ ತಟ್ಟಬೇಕು. ಒಳ್ಳೆಯದು ಠಣ್ ಅನ್ನುತ್ತದೆ, ಬಿರುಕು ಇದ್ದದ್ದು ಠಪ್ ಅಂತ ಅಲ್ಲೇ ಸಾಯುತ್ತದೆ. ಕಣ್ಣು ಮುಚ್ಚಿ ಹೇಳುವವರೆಗೆ ಯಾರನ್ನೂ ಬಿಡಲಿಲ್ಲ. ಹ್ಯಾಂಡ್ ಗ್ರೈಂಡರ್‌ನ ರೆಸಿನ್ (ರಾಳದ ಅಂಟಿನ) ಡಿಸ್ಕ್ ಈ ಥರ ಸ್ಪಷ್ಟವಾಗಿ ನುಡಿಯುವುದಿಲ್ಲ. ಅದಕ್ಕೆ ನಡುವಿನ ಲೋಹದ ಉಂಗುರದ ಮೇಲಿರುವ ಅವಧಿಯ ತಿಂಗಳು, ವರ್ಷ ಓದಿಸುತ್ತೇನೆ. ತಯಾರಾಗಿ ಮೂರು ವರ್ಷಕ್ಕೆ ಅದರ ಆಯುಷ್ಯ ಮುಗಿಯಿತು.

ಸುಮ್ನೆ ಕುತೂಹಲಕ್ಕೆ ಒಂದು ಒಳ್ಳೆಯ ಹಳೆ ವೀಲನ್ನು ರಾತ್ರಿಯಿಡೀ ನೀರಲ್ಲಿ ಮುಳುಗಿಸಿ ತಟ್ಟಿದೆ. ಬಿರುಕು ಬಿಟ್ಟದ್ದರಂತೆಯೇ ಮಂಕಾಯಿತು! ಚೆನ್ನಾಗಿ ಒಣಗಿಸಿದ ಮೇಲೆ ಠಣ್ ವಾಪಸ್ ಬಂತು. ಅಂದಿನಿಂದ ತೇವ ಇರುವ ವೀಲ್ ತಟ್ಟಲು ಬಿಡುವುದಿಲ್ಲ, ಸ್ಟೋರಿನ ನೆಲದ ಮೇಲೆ ಇಡಲೂ ಬಿಡುವುದಿಲ್ಲ.

ಫಿಟ್ಟಿಂಗ್ ಬಗ್ಗೆ ನಿಮಗೆ ಗೊತ್ತೇ ಇದೆ. ವೀಲನ್ನು ಎರಡೂ ಬದಿಯಿಂದ ಹಿಡಿಯುವ ತಟ್ಟೆಗಳು, ಅಂದರೆ ಎರಡು ಫ್ಲಾಂಜೂ, ಒಂದೇ ಅಳತೆ, ವೀಲ್ ವ್ಯಾಸದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಬೇಡ, ವೀಲಿನ ನಡುವೆ ಅಂಟಿಸಿದ ಬ್ಲಾಟರ್ ಕಾಗದ ಕೀಳಬಾರದು. ನಾನು ಹೋರಾಡಿದ್ದು ಸ್ಪ್ಯಾನರಿಗೆ ಪೈಪ್ ಹಾಕಿ ನಟ್ ಬಿಗಿಯುವ ಚಟದ ಮೇಲೆ. ಹಾಗೆ ಬಿಗಿದರೆ ವೀಲಿಗೆ ಓಡುವ ಮೊದಲೇ ಪೆಟ್ಟು. ಪೈಪನ್ನೇ ಶಾಪಿನಿಂದ ಹೊರಗೆ ಹಾಕಿಸಿದೆ. ಹೊಸ ವೀಲ್ ಹಾಕಿದ ಮೇಲೆ ಗಾರ್ಡ್ (ರಕ್ಷಣೆಯ ಹೊದಿಕೆ) ಇಟ್ಟು, ಪಕ್ಕಕ್ಕೆ ಸರಿದು ನಿಂತು, ಒಂದು ನಿಮಿಷ ಖಾಲಿ ಓಡಿಸಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಇನ್ನೊಂದು ಚಟ, ಸವೆದ 230 ಮಿ.ಮೀ. ಡಿಸ್ಕನ್ನು ಗಾರ್ಡ್ ಕಿತ್ತು ಚಿಕ್ಕ ಗ್ರೈಂಡರ್‌ಗೆ ಹಾಕುವುದು. ದುಡ್ಡು ಉಳಿಸಿದ್ದೇವೆ ಎಂಬ ಹೆಮ್ಮೆ ಬೇರೆ. ಬೈಯಲಿಲ್ಲ, ಚಾಕ್ ಕೊಟ್ಟು ಲೆಕ್ಕ ಮಾಡಿಸಿದೆ. ಡಿಸ್ಕಿನ ಮೇಲೆ ಬರೆದ ಗರಿಷ್ಠ ವೇಗ 6,600 ಆರ್‌ಪಿಎಂ (ನಿಮಿಷಕ್ಕೆ ಸುತ್ತು), ಅಂದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 80 ಮೀಟರ್. ಚಿಕ್ಕ ಮೆಷಿನ್ ಓಡುವುದು 11,000ದಲ್ಲಿ. ಪೂರ್ತಿ ಅಳತೆಯ ಡಿಸ್ಕ್ ಆದರೆ ಅಂಚಿನ ವೇಗ 130 ಮೀಟರ್ ದಾಟುತ್ತದೆ. ಬೋರ್ಡಿನ ಮೇಲೆ ಆ ಅಂಕಿ ತಾವೇ ಬರೆದ ಮೇಲೆ ಯಾರೂ ವಾದ ಮಾಡಲಿಲ್ಲ.

ದುಡ್ಡು ಉಳಿದದ್ದು ವೀಲಿನ ಮೊಂಡು ಮುಖ ಕೆರೆದು ಹರಿತ ಮಾಡುವ ಡ್ರೆಸ್ಸಿಂಗ್‌ನಲ್ಲಿ. ವೀಲ್ ಮುಖ ಹೊಳಪು ಬಂದು ಕಚ್ಚದೇ ಇದ್ದರೆ ಹುಡುಗರು ಇನ್ನೂ ಒತ್ತುತ್ತಿದ್ದರು. ಟೂಲ್ ಬಿಸಿಗೆ ನೀಲಿ ಬಣ್ಣಕ್ಕೆ ತಿರುಗುತ್ತಿತ್ತು, ವೀಲ್ ಬಿಸಿಯಾಗುತ್ತಿತ್ತು. ಆಮೇಲೆ "ವೀಲ್ ಸರಿ ಇಲ್ಲ" ಅಂತ ಹೊಸದು ಕೇಳುತ್ತಿದ್ದರು. ಒಳ್ಳೆಯ ಡ್ರೆಸ್ಸರ್ ಕೊಳ್ಳಲು ಖರೀದಿಯವರು ತಿಂಗಳುಗಟ್ಟಲೆ ಸತಾಯಿಸಿದರು. ಬಂದ ಮೇಲೂ ಮೊದಲ ತಿಂಗಳು ಖರ್ಚು ಏರಿತು, ಯಾಕೆಂದರೆ ಎಲ್ಲರೂ ಖುಷಿಗೆ ಕೆರೆಯುತ್ತಿದ್ದರು. "ಹೇಳಿರಲಿಲ್ವಾ?" ಎಂದು ಮೇಲಿನವರು ಬಂದರು. ತೆಳುವಾಗಿ, ಮುಖ ತೆರೆಯುವಷ್ಟೇ ಕೆರೆಯಲು ಕೈ ಪಳಗಿದ ಮೇಲೆ ಲೆಕ್ಕ ತಿರುಗಿತು. ಯಾವಾಗ ಡ್ರೆಸ್ ಮಾಡಬೇಕು ಎಂದು ತಿಳಿಯಲು ನನ್ನದೊಂದು ಗುರುತು ಇದೆ. ಅದು ನನ್ನ ಬ್ಯಾಚಿನವರಿಗೆ ಮಾತ್ರ. ಅಲ್ಯೂಮಿನಿಯಂ ಮಾತ್ರ ಡ್ರೆಸ್ ಮಾಡಿದ ವೀಲಿಗೆ ತಾಗಿಸಲು ಬಿಡುವುದಿಲ್ಲ. ರಂಧ್ರಗಳೆಲ್ಲ ಮೆತ್ತಿಕೊಂಡು ಡ್ರೆಸ್ಸಿಂಗ್ ದಂಡವಾಗುತ್ತದೆ.

ಈಗ ಸಪಾಟು ಮೇಲ್ಮೈ ಉಜ್ಜುವ ಸರ್ಫೇಸ್ ಗ್ರೈಂಡರ್‌ಗೂ ಇದೇ ಕ್ರಮ ತಂದಿದ್ದೇನೆ. ನೀರಿನ ಪ್ರಯೋಗ ಅಲ್ಲಿ ಕೆಲಸಕ್ಕೆ ಬಂತು. ಶಿಫ್ಟ್ ಮುಗಿಯುವಾಗ ಮೊದಲು ಕೂಲಂಟ್ (ತಂಪು ಮಾಡುವ ನೀರು) ಬಂದ್, ವೀಲ್ ಸ್ವಲ್ಪ ಹೊತ್ತು ಖಾಲಿ ಓಡಿ ನೀರು ಉದುರಿಸಬೇಕು, ಆಮೇಲೆ ಸ್ವಿಚ್ ಆಫ್. ಇಲ್ಲದಿದ್ದರೆ ನೀರು ಕೆಳಗಿನ ಅರ್ಧದಲ್ಲಿ ಇಳಿದು, ಮರುದಿನ ಬೆಳಿಗ್ಗೆ ಬ್ಯಾಲೆನ್ಸ್ ತಪ್ಪಿ ಮೆಷಿನ್ ನಡುಗುತ್ತದೆ.