ಗಡಿಯಾರ ಪಕ್ಕಕ್ಕಿಟ್ಟ ಮೇಲೆ ಕೈ ಕಾಣಿಸಿತು

"ಪೆಟ್ಟಿಗೆಯೊಳಗೆ ಉಂಗುರ ಎತ್ತಿಟ್ಟವನು ಪಿತ್ತಕೋಶ ತೆಗೆಯುತ್ತಾನಾ?" ನಾಲ್ಕು ವರ್ಷ ಈ ಮಾತು ಕೇಳಿಸಿಕೊಂಡಿದ್ದೇನೆ. ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ, ಕ್ಯಾಮೆರಾ ನೋಡುತ್ತಾ ಉದ್ದ ಉಪಕರಣಗಳಿಂದ ಮಾಡುವ ಲ್ಯಾಪರೋಸ್ಕೋಪಿ ಆಪರೇಷನ್‌ಗೆ ಜೂನಿಯರ್ ವೈದ್ಯರ ಕೈ ಎಷ್ಟು ಪಳಗಿದೆ ಅಂತ ಅಭ್ಯಾಸದ ಪೆಟ್ಟಿಗೆಯಲ್ಲಿ ಅಳೆಯುವುದು ನನ್ನ ಕೆಲಸ. ಹಾಗೆ ಅಂದವರೇ ಈಗ ತಮ್ಮ ಜೂನಿಯರ್‌ಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಮೊದಲು ಕೆಟ್ಟಿದ್ದು ಗಡಿಯಾರ ನಂಬಿ. ಎಫ್‌ಎಲ್‌ಎಸ್ ಅಂದರೆ ಲ್ಯಾಪರೋಸ್ಕೋಪಿಯ ಮೂಲ ಕೌಶಲಗಳ ಪರೀಕ್ಷೆ, ಅದರಲ್ಲಿ ಪೆಟ್ಟಿಗೆಯೊಳಗೆ ಮಾಡುವ ಐದು ಟಾಸ್ಕ್. ಗೂಟದಿಂದ ಗೂಟಕ್ಕೆ ಉಂಗುರ ಸಾಗಿಸುವ ಪೆಗ್ ಟ್ರಾನ್ಸ್‌ಫರ್‌ಗೆ 300 ಸೆಕೆಂಡ್ ಮಿತಿ, ಒಳಗೇ ಹಾಕುವ ಗಂಟಿಗೆ 600. ಅಲ್ಲಿ ತಪ್ಪಿಗೂ ಅಂಕ ಕಳೆಯುತ್ತಾರೆ. ನಾನು ಅದನ್ನು ಬಿಟ್ಟು ಬರೀ ಸಮಯ ಬರೆದುಕೊಂಡೆ. ಒಬ್ಬ ಹುಡುಗ ಎರಡು ನಿಮಿಷ ಚಿಲ್ಲರೆಯಲ್ಲಿ ಗಂಟು ಮುಗಿಸಿದ. ಪಟ್ಟಿಯಲ್ಲಿ ಅವನೇ ಮೊದಲು. ಆಮೇಲೆ ನೋಡಿದರೆ ಹೊಲಿಯಲು ಇಟ್ಟಿದ್ದ ಮೆತ್ತನೆಯ ರಬ್ಬರ್ ಕೊಳವೆ (ಪೆನ್‌ರೋಸ್ ಡ್ರೇನ್) ಬುಡದಿಂದ ಅರ್ಧ ಕಿತ್ತು ಬಂದಿತ್ತು. ಅದು ಕರುಳಾಗಿದ್ದರೆ? ಅವತ್ತೇ ಆ ಪಟ್ಟಿ ಹರಿದು ಹಾಕಿದೆ.

ಆಮೇಲೆ ದುಡ್ಡು ಹೋಯಿತು. ಬಜೆಟ್ ಪೂರ್ತಿ ಸುರಿದು ಕಂಪ್ಯೂಟರ್ ಸಿಮ್ಯುಲೇಟರ್ ತರಿಸಿದೆವು. ಕೈ ಎಷ್ಟು ದೂರ ಓಡಾಡಿತು ಅನ್ನುವ ಗ್ರಾಫ್ ಚೆನ್ನಾಗಿ ಬರುತ್ತಿತ್ತು. ಆದರೆ ನಾವು ಕೊಂಡ ಮಾದರಿಯಲ್ಲಿ ಕೈಗೆ ಏನೂ ತಾಗಿದ ಹಾಗೆ ಆಗುತ್ತಿರಲಿಲ್ಲ. ನೂರಾರು ಆಪರೇಷನ್ ಮಾಡಿದ ಹಿರಿಯರಿಗೆ ಜೂನಿಯರ್‌ಗಳಿಗಿಂತ ಕಡಿಮೆ ಅಂಕ! ಅದರ ಒಂದು ವರ್ಷದ ಸರ್ವಿಸ್ ಖರ್ಚಲ್ಲಿ ಸುಮಾರು ಎಂಟು ಬಾಕ್ಸ್ ಟ್ರೈನರ್, ಅಂದರೆ ಕ್ಯಾಮೆರಾ ಇರುವ ಅಭ್ಯಾಸದ ಪೆಟ್ಟಿಗೆ, ಆಗುತ್ತವೆ. ಕೊನೆಗೆ ಅವನ್ನೇ ಮಾಡಿಸಿದೆ. ಒಂದು ಮಾತು, ಕ್ಯಾಮೆರಾದಲ್ಲಿ ಜಿಪುಣತನ ಬೇಡ. ಅಗ್ಗದ ವೆಬ್‌ಕ್ಯಾಮ್‌ನಲ್ಲಿ ಚಿತ್ರ ತಡವಾಗಿ ಬಂದು, ಒಳ್ಳೆಯ ಕೈಗಳೂ ಸೂಜಿ ಹಿಡಿಯಲು ತಡಕಾಡಿದವು.

ಕೈಹಿಡಿದದ್ದು ವಿಡಿಯೋ. ಪೆಟ್ಟಿಗೆಯ ಒಳಗಿನ ದೃಶ್ಯ ಮಾತ್ರ, ಹೆಸರಿನ ಬದಲು ನಂಬರ್. ಮೊದಲ ಸಲ ಧ್ವನಿ ತೆಗೆಯಲು ಮರೆತಿದ್ದೆ. ದನಿ ಕೇಳಿ ಪರೀಕ್ಷಕರು "ಇವಳು ನಮ್ಮ ಹುಡುಗಿ" ಅಂತ ಗುರುತು ಹಿಡಿದೇ ಬಿಟ್ಟರು. ಅಂಕಕ್ಕೆ 2005ರ ಗೋಲ್ಸ್ ಅನ್ನುವ, ಲ್ಯಾಪರೋಸ್ಕೋಪಿ ಕೌಶಲ ಅಳೆಯುವ ಅಳತೆ ತೆಗೆದುಕೊಂಡೆ. ಆಳದ ಅಂದಾಜು, ಎರಡೂ ಕೈಗಳ ಹೊಂದಾಣಿಕೆ, ಚುರುಕು, ಅಂಗಾಂಶ ಹಿಡಿಯುವ ರೀತಿ, ತಲಾ 5 ಅಂಕ. ಐದನೆಯದು ಸ್ವತಂತ್ರವಾಗಿ ಮಾಡುವ ಶಕ್ತಿ. ಪೆಟ್ಟಿಗೆ ಮುಂದೆ ಅದಕ್ಕೆ ಅರ್ಥವಿಲ್ಲ, ಬಿಟ್ಟೆ. ಒಟ್ಟು 20.

ಇಬ್ಬರು ಪರೀಕ್ಷಕರು, ಒಂದೇ ವಿಡಿಯೋ. ಒಬ್ಬರು 9 ಕೊಟ್ಟರು, ಇನ್ನೊಬ್ಬರು 16. ಕೈಬಿಡೋಣ ಅಂತ ಅನಿಸಿದ್ದು ಆಗಲೇ. ಆಮೇಲೆ ನಾಲ್ಕು ಮಾದರಿ ವಿಡಿಯೋ ಆರಿಸಿ, ನಾಲ್ಕೈದು ಸಂಜೆ ಒಟ್ಟಿಗೆ ಕೂತು ಜಗಳವಾಡಿದೆವು. ಈಗ 2 ಅಂಕಕ್ಕಿಂತ ಜಾಸ್ತಿ ವ್ಯತ್ಯಾಸ ಅಪರೂಪ. ಆ ನಾಲ್ಕನ್ನು ಹೇಗೆ ಆರಿಸಿದೆ, ಯಾವ ಕ್ರಮದಲ್ಲಿ ತೋರಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಹೊಲಿಗೆಯ ದಿಮ್ಮಿಯ ಕೆಳಗೆ ಅಡುಗೆಮನೆಯ ತೂಕದ ಯಂತ್ರ ಇಟ್ಟೆ. ಮೇಲಕ್ಕೆ ಎಳೆದಷ್ಟೂ ತೂಕ ಇಳಿಯುತ್ತದೆ, ಅಲ್ವಾ? ಸೂಜಿ ಚುಚ್ಚುವಾಗಿನದಕ್ಕಿಂತ ಗಂಟು ಬಿಗಿಸುವಾಗಲೇ ಜಾಸ್ತಿ ಎಳೆಯುತ್ತಿದ್ದರು. ಇನ್ನೊಂದು, ಪೆಗ್‌ನ ಉಂಗುರ ಎತ್ತಿಡುತ್ತಾ 100ರಿಂದ ಏಳೇಳು ಕಳೆಯಲು ಹೇಳಿದೆ. ಕೈ ಪಳಗಿದವರು ನಿಲ್ಲಲಿಲ್ಲ. ಉಳಿದವರ ಗ್ರಾಸ್ಪರ್ (ಹಿಡಿಯುವ ಉಪಕರಣ) ಗಾಳಿಯಲ್ಲೇ ನಿಂತಿತು.

ಸುಮಾರು 30 ಜನರನ್ನು ಹೀಗೆ ಅಳೆದೆ. ಆಮೇಲೆ ಓಟಿಯಲ್ಲಿ, ಪೆಟ್ಟಿಗೆಯ ಅಂಕ ಗೊತ್ತಿಲ್ಲದ ಹಿರಿಯರು ಅವರನ್ನು ಅಳೆದರು. ನನ್ನ ಪಟ್ಟಿಯಲ್ಲಿ ಮೇಲಿದ್ದ ಎಂಟು ಜನರಲ್ಲಿ ಆರೋ ಏಳೋ ಅಲ್ಲೂ ಮೇಲೆಯೇ ಬಂದರು. ನಡುವಿನವರು ಮಾತ್ರ ಇನ್ನೂ ಕಲಸುಮೇಲೋಗರ.

ಆ ವೇಗದ ಹುಡುಗ ಹೊಸ ಅಳತೆಯಲ್ಲಿ ತಳಕ್ಕೆ ಬಂದಿದ್ದ. ಆರು ವಾರ ತೂಕದ ಯಂತ್ರ ನೋಡುತ್ತಲೇ ಅಭ್ಯಾಸ ಮಾಡಿದ. ಈಗ ಗಂಟಿಗೆ ನಾಲ್ಕು ನಿಮಿಷ ತೆಗೆದುಕೊಳ್ಳುತ್ತಾನೆ. ಡ್ರೇನ್ ಮಿಸುಕುವುದಿಲ್ಲ.